212 ಕೆಜಿ ಬಳ್ಳಿಗೆ ಒಂದು ಚಪ್ಪರ

ಎರಡು ವರ್ಷದ ಹಿಂದಿನ ಮಾತು. ಪುನರ್ವಸು ಮಳೆ ಹಿಡಿದು ಆರನೇ ದಿನ. ರಾತ್ರಿ ಎರಡೂವರೆ ಹೊತ್ತಿಗೆ ಅಂಗಳದಲ್ಲಿ ದೊಪ್ ಅಂತ ಶಬ್ದ ಬಂತು. ಮರ ಬಿದ್ದ ಶಬ್ದ ನಮ್ಮ ಮೂಡಿಗೆರೆ ಕಡೆ ಎಲ್ಲರಿಗೂ ಗೊತ್ತು, ಇದು ಅದಲ್ಲ. ಒದ್ದೆ ಹುಲ್ಲಿನ ಹೊರೆಯನ್ನು ತಲೆಯಿಂದ ಕೆಳಗೆ ಹಾಕಿದ ಹಾಗಿತ್ತು. ಟಾರ್ಚ್ ಹಿಡಿದು ಬಾಗಿಲು ತೆಗೆದರೆ ಅಂಗಳದಲ್ಲಿ ಚಪ್ಪರವೇ ಇಲ್ಲ. ಇದ್ದದ್ದು ಒಂದು ಹಸಿರು ಗುಡ್ಡೆ. ಅದರ ಮೇಲೆ ಮಳೆ ಸುರಿಯುತ್ತಲೇ ಇತ್ತು.

ಆ ಬಳ್ಳಿ ಥನ್‌ಬರ್ಜಿಯ ಮೈಸೂರೆನ್ಸಿಸ್. ಹೆಸರಲ್ಲೇ ಮೈಸೂರು ಇದೆ. ಪಶ್ಚಿಮ ಘಟ್ಟದ ಕಾಡಿನದೇ ಬಳ್ಳಿ, ಹೊರಗಿನಿಂದ ಬಂದದ್ದಲ್ಲ. ಹೆಸರಿನ ಮೊದಲ ಭಾಗ ಮಾತ್ರ ಸ್ವೀಡನ್ ದೇಶದ ಸಸ್ಯಶಾಸ್ತ್ರಜ್ಞ ಕಾರ್ಲ್ ಪೀಟರ್ ಥನ್‌ಬರ್ಗ್ ಅವರದ್ದು. ಎರಡು ಮೊಳದ ದಾರಕ್ಕೆ ಹೂ ಪೋಣಿಸಿ ಇಳಿಬಿಟ್ಟ ಹಾಗೆ ಗೊಂಚಲು ತೂಗುತ್ತದೆ. ಹೂವಿನ ಕೊಳವೆ ಅರಿಶಿನ ಹಳದಿ, ದಳದ ಅಂಚು ಇಟ್ಟಿಗೆ ಕೆಂಪು. ಬಾಯಿ ಅಗಲವಾಗಿ ತೆರೆದಿರುತ್ತದೆ. ಗೊಂಚಲಿನ ಮೇಲಿನ ಹೂ ಮೊದಲು ಅರಳಿ, ಕೆಳಗೆ ಕೆಳಗೆ ಹೊಸ ಮೊಗ್ಗು ಬರುತ್ತಾ ಹೋಗುವುದರಿಂದ ಒಂದೊಂದು ಗೊಂಚಲು ವಾರಗಟ್ಟಲೆ ಇರುತ್ತದೆ. ನಮ್ಮಲ್ಲಿ ಕಾರ್ತಿಕದಲ್ಲಿ ಶುರುವಾದರೆ ಕಾಫಿಯ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಬೀಳುವ ತನಕ ಹೂವಿಗೆ ಬಿಡುವಿಲ್ಲ.

ಬೆಳಿಗ್ಗೆ ಎದ್ದು ಬಿದ್ದ ಕಂಬ ನೋಡಿದೆ. ಹಳೆಯ ಚಪ್ಪರ ನಾಲ್ಕು ಅಡಿಕೆ ಕಂಬ, ಮೇಲೆ ಬಿದಿರು ಗಳ, ಅಡಿಕೆ ದಬ್ಬೆ. ಹಾಕಿ ಐದು ವರ್ಷ ಆಗಿತ್ತು. ಕಂಬದ ಬುಡ ಕೈಗೆ ತೆಗೆದುಕೊಂಡೆ. ಹೊರಗಿನ ಕಪ್ಪು ಸಿಪ್ಪೆ ಕಬ್ಬಿಣದ ಹಾಗೇ ಇತ್ತು. ಒಳಗೆ ಬೆರಳು ಹಾಕಿದರೆ ಬರೀ ಗೆದ್ದಲು ಮಣ್ಣು, ಕಾಫಿ ಪುಡಿಯ ಹಾಗೆ ಉದುರಿತು. ಅಡಿಕೆ ಮರ ಹೊರಗೆ ಗಟ್ಟಿ, ಒಳಗೆ ಮೆದು. ಹೊರಗಿನಿಂದ ಬಡಿದು ನೋಡಿ ಗಟ್ಟಿ ಇದೆ ಅಂದುಕೊಳ್ಳುತ್ತೇವೆ ಅಲ್ವಾ, ಅಲ್ಲೇ ತಪ್ಪಾಗುವುದು.

ಆದರೆ ಬರೀ ಗೆದ್ದಲಿನ ಮೇಲೆ ಹಾಕಿ ಸುಮ್ಮನಾಗಲು ಮನಸ್ಸು ಬರಲಿಲ್ಲ. ನಮ್ಮ ಹಿರಿಯರು ಅಂಗಳಕ್ಕೆ ಅಡಿಕೆ ಕಂಬದ ಚಪ್ಪರ ಹಾಕುತ್ತಿದ್ದದ್ದು ಮಳೆಗಾಲ ಮುಗಿದ ಮೇಲೆ. ಮತ್ತೆ ಮಳೆ ಶುರುವಾಗುವ ಮೊದಲೇ ಬಿಚ್ಚಿ ಒಳಗಿಡುತ್ತಿದ್ದರು. ಅದು ಬೇಸಿಗೆಯ ಚಪ್ಪರ, ಅದರ ಮೇಲೆ ಸೋಗೆಯ ಭಾರ ಬಿಟ್ಟರೆ ಬೇರೇನೂ ಇಲ್ಲ. ನಾನು ಅದೇ ಚಪ್ಪರವನ್ನು ವರ್ಷವಿಡೀ ಬಿಟ್ಟು, ಮೇಲೆ ಬಳ್ಳಿ ಹಬ್ಬಿಸಿದ್ದೆ. ನರ್ಸರಿ ಚೀಲದಲ್ಲಿದ್ದ ಒಂದು ಗೇಣು ಗಿಡವನ್ನು ನೋಡಿ ಚಪ್ಪರದ ಲೆಕ್ಕ ಹಾಕಿದ್ದೆ. ಐದು ವರ್ಷದ ಬಳ್ಳಿ, ಅದೂ ಆರು ದಿನ ಮಳೆಯಲ್ಲಿ ನೆನೆದ ಬಳ್ಳಿ ಎಷ್ಟು ತೂಗುತ್ತದೆ ಅಂತ ಯೋಚನೆ ಮಾಡಿರಲೇ ಇಲ್ಲ.

ಹಾಗಾಗಿ ತೂಕ ಮಾಡಿದೆ. ಕಡಿದ ಬಳ್ಳಿಯನ್ನು ಮಳೆಯಲ್ಲೇ ಕಾಫಿ ಚೀಲಕ್ಕೆ ತುರುಕಿ, ಕಣದ ತೂಕದ ಯಂತ್ರದ ಮೇಲೆ ಒಂದೊಂದೇ ಇಟ್ಟು ಬರೆದುಕೊಂಡೆ. ಹದಿನೈದು ಚೀಲ. ಚೀಲದ ತೂಕ ಕಳೆದು 212 ಕೆಜಿ ಬಂತು. ಚಪ್ಪರ ಇದ್ದದ್ದು ಸುಮಾರು ಒಂಬತ್ತು ಅಡಿ ಚೌಕ. ಒಣಗಿದ ಮೇಲೆ ಕುತೂಹಲಕ್ಕೆ ಎರಡು ಚೀಲ ಮತ್ತೆ ತೂಗಿದೆ, ಮೂರನೇ ಒಂದು ಭಾಗವೂ ಇರಲಿಲ್ಲ. ಹಸಿ ಎಲೆಯಲ್ಲೇ ಇರುವ ನೀರು ಒಂದು ಕಡೆ. ಅದರ ಜೊತೆ ಎಲೆ ಮೇಲೆ ನಿಂತ ಮಳೆ ನೀರು, ಹಳೇ ಎಲೆ ಉದುರಿ ಒಳಗೆ ಕೊಳೆತು ನೀರು ಹೀರಿಕೊಂಡ ಕಸ. ಈ ಒಳಗಿನ ಕಸವೇ ಮೂರು ಚೀಲ ಇತ್ತು. ಹಬ್ಬುವ ಬಳ್ಳಿ ಹಾಕುವವರು ಮೊದಲು ಯೋಚಿಸಬೇಕಾದ್ದು ಈ ಒದ್ದೆ ತೂಕವನ್ನು. ಹೂವಿನ ಬಣ್ಣ ಆಮೇಲೆ ನೋಡಿಕೊಂಡರಾಯ್ತು.

ಗುಡ್ಡೆ ಸವರುತ್ತಾ ಬುಡದ ಹತ್ತಿರ ಬಂದಾಗ ಅವ್ವ ಜಗಲಿಯಿಂದಲೇ ಕೂಗಿದರು.

"ಬುಡಕ್ಕೆ ಕತ್ತಿ ಹಾಕ್ಬೇಡ ಕಣೋ. ಅದು ಚಿಗುರ್ತದೆ."

ಬುಡದಲ್ಲಿ ಮೂರು ದಪ್ಪ ಕಾಂಡ ಇದ್ದವು. ಒಂದು ಸೀಳಿ ಹೋಗಿತ್ತು, ಅದನ್ನು ಪೂರ್ತಿ ತೆಗೆದೆ. ಉಳಿದ ಎರಡನ್ನು ಮೂರು ಅಡಿ ಎತ್ತರಕ್ಕೆ ಕತ್ತರಿಸಿದೆ. ಕೊಯ್ದ ಬಾಯಿ ಓರೆಯಾಗಿರಬೇಕು, ನೀರು ನಿಲ್ಲಬಾರದು. ಮಾರನೇ ದಿನ ಮಧ್ಯಾಹ್ನ ಎರಡು ಗಂಟೆ ಮಳೆ ಬಿಟ್ಟಾಗ ಕೊಯ್ದ ಜಾಗ ಒರೆಸಿ, ಕೊಳೆ ಹಿಡಿಯದ ಹಾಗೆ ಬೋರ್ಡೋ ಮುಲಾಮು ಹಚ್ಚಿದೆ. ಅಡಿಕೆ ಇರುವ ಮನೆಯಲ್ಲಿ ಮೈಲುತುತ್ತಕ್ಕೇನು ಬರ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಹತ್ತು ಲೀಟರ್ ನೀರು ಅನ್ನುವುದು ಲೆಕ್ಕ. ನನಗೆ ಬೇಕಾದದ್ದು ಒಂದು ಚೊಂಬು, ಹಾಗಾಗಿ ಅದೇ ಪಾಲಿನಲ್ಲಿ 100 ಗ್ರಾಂ, 100 ಗ್ರಾಂ, ಒಂದು ಲೀಟರ್. ಪ್ಲಾಸ್ಟಿಕ್ ಪಾತ್ರೆಯಲ್ಲೇ ಕಲಸಬೇಕು, ಕಬ್ಬಿಣದ್ದು ಬೇಡ.

ಕಡಿದ ಬಳ್ಳಿಯಲ್ಲಿ ಪೆನ್ಸಿಲ್ ದಪ್ಪದ, ತೀರಾ ಎಳೆಯದೂ ಅಲ್ಲದ ತೀರಾ ಬಲಿತದ್ದೂ ಅಲ್ಲದ ಕಡ್ಡಿಗಳನ್ನು ಆರಿಸಿ, ಮೂರು ಗಿಣ್ಣು ಇರುವ ಹಾಗೆ ಇಪ್ಪತ್ತು ತುಂಡು ಮಾಡಿ ಚೀಲದಲ್ಲಿ ಊರಿದೆ. ಬಳ್ಳಿ ಸತ್ತರೂ ತಳಿ ಉಳಿಯಲಿ ಅಂತ. ಕಾಫಿ ನರ್ಸರಿಗೆ ನಾವು ಆರು ಪಾಲು ಕಾಡು ಮಣ್ಣು, ಎರಡು ಪಾಲು ಗೊಬ್ಬರ, ಒಂದು ಪಾಲು ಮರಳು ತುಂಬುತ್ತೇವಲ್ಲ, ಕಡ್ಡಿಗೆ ಅದು ಜಾಸ್ತಿ ಗಟ್ಟಿ. ಮರಳನ್ನು ಮೂರು ಪಾಲು ಮಾಡಿದೆ. ಹದಿಮೂರು ಚಿಗುರಿದವು.

ಆಗಸ್ಟ್ ಕೊನೆಗೆ ಬುಡವೂ ಚಿಗುರಿತು. ಅವ್ವ ಹೇಳಿದ್ದು ನಿಜವಾಯ್ತು.

ಈಗ ಚಪ್ಪರದ ಕೆಲಸ. ಮಳೆ ಪೂರ್ತಿ ನಿಲ್ಲುವ ತನಕ ಗುಂಡಿ ತೆಗೆಯುವ ಹಾಗಿಲ್ಲ, ಕಾಫಿ ಕೊಯ್ಲು ಶುರುವಾದರೆ ಆಳು ಸಿಗುವುದಿಲ್ಲ. ನಡುವೆ ಸಿಗುವುದು ಅಕ್ಟೋಬರ್ ಕೊನೆಯ ಎರಡು ವಾರ. ಅಷ್ಟರೊಳಗೆ ಲೆಕ್ಕ ಮುಗಿಸಿಟ್ಟುಕೊಂಡಿದ್ದೆ.

ಎತ್ತರದಿಂದ ಶುರು ಮಾಡಿದೆ. ಹಳೆಯ ಚಪ್ಪರ ಏಳು ಅಡಿ ಇತ್ತು. ಈ ಬಳ್ಳಿಯ ಗೊಂಚಲು ಎರಡರಿಂದ ಮೂರು ಅಡಿ ಇಳಿಯುತ್ತದೆ, ಅಂದರೆ ಓಡಾಡುವವರ ಎದೆಗೆ ಹೂ ತಾಗುತ್ತಿತ್ತು. ತಾಗಿದರೆ ತಾಗಲಿ ಅನ್ನುವ ಹಾಗೂ ಇಲ್ಲ. ಹೂವಿನಲ್ಲಿ ಮಕರಂದ ಎಷ್ಟಿರುತ್ತದೆ ಅಂದರೆ ತೊಟ್ಟಿಕ್ಕುತ್ತದೆ. ಅಂಗಿ ಅಂಟಂಟು, ಇರುವೆ ಬೇರೆ. ಹಾಗಾಗಿ ಒಂಬತ್ತು ಅಡಿ ಬೇಕು ಅಂತ ತೀರ್ಮಾನ ಮಾಡಿದೆ. ನೆಲದೊಳಗೆ ಎರಡು ಅಡಿ ಸೇರಿ ಕಂಬ ಹನ್ನೊಂದು ಅಡಿ.

ಈ ಸಲ ಅಡಿಕೆ ಕಂಬದ ಬದಲು ಜಿಐ ಪೈಪ್, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪ್. ಅದು ಬರುವುದು ಇಪ್ಪತ್ತು ಅಡಿ ಉದ್ದ. ಇಲ್ಲಿ ಒಂದು ಅನುಕೂಲ ಸಿಕ್ಕಿತು. ಎರಡು ಇಂಚಿನ ನಾಲ್ಕು ಪೈಪ್ ತಂದು ಪ್ರತಿಯೊಂದನ್ನೂ ಹನ್ನೊಂದು ಮತ್ತು ಒಂಬತ್ತು ಅಡಿಗೆ ಕತ್ತರಿಸಿದರೆ, ಹನ್ನೊಂದರದ್ದು ಕಂಬ, ಒಂಬತ್ತರದ್ದು ಮೇಲಿನ ತೊಲೆ. ಒಂಬತ್ತು ಅಡಿ ಚೌಕ, ಒಂಬತ್ತು ಅಡಿ ಎತ್ತರ, ಒಂದಿಂಚೂ ದಂಡ ಇಲ್ಲ. ಒಂದಿಂಚಿನ ಪೈಪ್ ಒಂದು ತಂದೆ. ಅದರಲ್ಲಿ ಒಂಬತ್ತು ಅಡಿ ಚಪ್ಪರದ ನಡುವೆ ಅಡ್ಡಕ್ಕೆ. ಉಳಿದ ಹನ್ನೊಂದು ಅಡಿಯನ್ನು ಎಂಟು ತುಂಡು ಮಾಡಿ, ಕಂಬ ಮತ್ತು ತೊಲೆ ಸೇರುವ ಮೂಲೆಗಳಿಗೆ ಓರೆಯಾಗಿ ಆಸರೆ. ಈ ಎಂಟು ತುಂಡು ಯಾಕೆ ಅಂತ ವೆಲ್ಡಿಂಗ್ ಮಾಡುವ ಹುಡುಗ ಕೇಳಿದ. ಭಾರ ಹೊರಲು ನಾಲ್ಕು ಕಂಬ ಧಾರಾಳವಾಗಿ ಸಾಕು. ಆದರೆ ನಮ್ಮ ಕಡೆ ಆಷಾಢದ ಗಾಳಿ ಅಡ್ಡಡ್ಡ ತಳ್ಳುತ್ತದೆ. ಬಳ್ಳಿ ದಟ್ಟವಾಗಿದ್ದರೆ ಅದು ಹಾಯಿ ಇದ್ದ ಹಾಗೆ. ಮೂಲೆಗೆ ಆಸರೆ ಇಲ್ಲದಿದ್ದರೆ ಚೌಕ ವಾಲಿ ಓರೆಯಾಗುತ್ತದೆ.

ಪೈಪ್ ತೆಗೆದುಕೊಳ್ಳುವಾಗ ತೆಳು ದರ್ಜೆಯದ್ದು ಬೇಡ, ಮಧ್ಯಮ ದರ್ಜೆಯದ್ದು ಕೇಳಿ. ಎರಡು ಇಂಚಿನ ಮಧ್ಯಮ ಪೈಪ್ ಇಪ್ಪತ್ತು ಅಡಿಗೆ ಸುಮಾರು 30 ಕೆಜಿ ಬರುತ್ತದೆ. ಅಂಗಡಿಯಲ್ಲೇ ತೂಗಿಸಿದರೆ ಯಾವುದು ಯಾವುದೆಂದು ಗೊತ್ತಾಗುತ್ತದೆ.

ಗುಂಡಿ ಒಂದೂವರೆ ಅಡಿ ಚೌಕ, ಎರಡೂಕಾಲು ಅಡಿ ಆಳ. ತಳಕ್ಕೆ ಮೂರು ಇಂಚು ಜಲ್ಲಿ ಹಾಕಿ ಗುದ್ದಿ, ಅದರ ಮೇಲೆ ಕಂಬ ನಿಲ್ಲಿಸಿದೆವು. ಅಂಗಳ ಕಣ್ಣಿಗೆ ಮಟ್ಟವಾಗಿ ಕಂಡರೂ ನೀರಿನ ಟ್ಯೂಬ್ ಹಿಡಿದು ನೋಡಿದಾಗ ಗೇಟಿನ ಕಡೆ ಐದು ಇಂಚು ಇಳಿಜಾರು ಇತ್ತು. ಕಂಬದ ತಲೆ ನಾಲ್ಕೂ ಒಂದೇ ಮಟ್ಟ ಇರಬೇಕು, ಹಾಗಾಗಿ ಆ ಕಡೆಯ ಎರಡು ಗುಂಡಿಯ ತಳದಲ್ಲಿ ಜಲ್ಲಿ ಜಾಸ್ತಿ ತುಂಬಿದೆವು. ಚೌಕ ಸರಿ ಇದೆಯೋ ಅಂತ ನೋಡಲು ಮೂಲೆಯಿಂದ ಮೂಲೆಗೆ ಅಳೆಯಬೇಕು. ಒಂಬತ್ತು ಅಡಿ ಚೌಕಕ್ಕೆ ಅದು 12 ಅಡಿ 8¾ ಇಂಚು. ನಮಗೆ ಮೊದಲ ಸಲ ಒಂದು ಕಡೆ 12 ಅಡಿ 6, ಇನ್ನೊಂದು ಕಡೆ 12 ಅಡಿ 11 ಬಂತು. ಒಂದು ಕಂಬ ಸರಿಸಿ ಮತ್ತೆ ಅಳೆದೆವು. ಮೂರನೇ ಸಲಕ್ಕೆ ಸರಿಹೋಯ್ತು. ಈ ಕೆಲಸಕ್ಕೇ ಅರ್ಧ ದಿನ ಹೋಯಿತು, ಆದರೆ ಇಲ್ಲಿ ಬಿಟ್ಟದ್ದು ಮೇಲೆ ತೊಲೆ ಕೂರಿಸುವಾಗ ಕಾಣಿಸಿಕೊಳ್ಳುತ್ತದೆ.

ಕಾಂಕ್ರೀಟ್ ಒಂದು ಸಿಮೆಂಟ್, ಎರಡು ಮರಳು, ನಾಲ್ಕು ಜಲ್ಲಿ. ನಾಲ್ಕು ಗುಂಡಿಗೆ ನಾಲ್ಕು ಚೀಲ ಸಿಮೆಂಟ್ ಬೇಕಾಯಿತು. ಕಾಂಕ್ರೀಟಿನ ತಲೆಯನ್ನು ನೆಲಕ್ಕಿಂತ ಎರಡು ಇಂಚು ಎತ್ತರಿಸಿ, ಕಂಬದಿಂದ ಹೊರಕ್ಕೆ ಇಳಿಜಾರು ಮಾಡಿದೆ. ಕಬ್ಬಿಣದ ಕಂಬ ತುಕ್ಕು ಹಿಡಿಯುವುದು ಯಾವಾಗಲೂ ಮಣ್ಣು ಮುಟ್ಟುವ ಆ ಒಂದು ಗೇಣಿನಲ್ಲಿ. ಅಲ್ಲಿ ನೀರು ನಿಲ್ಲದಿದ್ದರೆ ಕಂಬಕ್ಕೆ ಆಯಸ್ಸು. ಹತ್ತು ದಿನ ಗೋಣಿ ಸುತ್ತಿ ನೀರು ಹೊಯ್ದು ಆಮೇಲೆ ಮೇಲಿನ ಕೆಲಸಕ್ಕೆ ಕೈ ಹಾಕಿದೆವು.

ವೆಲ್ಡಿಂಗ್ ಬಗ್ಗೆ ಒಂದು ಮಾತು ಹೇಳಲೇಬೇಕು. ಜಿಐ ಪೈಪ್ ಮೇಲೆ ಸತುವಿನ ಲೇಪ ಇರುತ್ತದೆ. ಹಾಗೇ ವೆಲ್ಡ್ ಮಾಡಿದರೆ ಬಿಳಿ ಹೊಗೆ ಏಳುತ್ತದೆ. ಅದನ್ನು ಉಸಿರಾಡಿದರೆ ಆವತ್ತು ರಾತ್ರಿ ಚಳಿ ಜ್ವರ ಬಂದ ಹಾಗೆ ಮೈ ನಡುಗುತ್ತದೆ. ಸೇರಿಸುವ ಕಡೆ ಎರಡು ಇಂಚು ಲೇಪವನ್ನು ಗ್ರೈಂಡರ್‌ನಲ್ಲಿ ಉಜ್ಜಿ ತೆಗೆಸಿ, ಬಯಲಲ್ಲೇ, ಗಾಳಿ ಬೆನ್ನಿಗೆ ಇರುವ ಹಾಗೆ ನಿಲ್ಲಿಸಿ ಮಾಡಿಸಿದೆ. ಆ ಹುಡುಗನಿಗೆ ಮಾಸ್ಕ್ ನಾನೇ ತಂದುಕೊಟ್ಟೆ. ಉಜ್ಜಿದ ಜಾಗ ಬರೀ ಕಬ್ಬಿಣ, ಹಾಗೇ ಬಿಟ್ಟರೆ ಮೊದಲ ಮಳೆಗೇ ಕೆಂಪಾಗುತ್ತದೆ. ಆವತ್ತೇ ಸಂಜೆ ಎರಡು ಕೈ ಜಿಂಕ್ ಪೈಂಟ್ ಹೊಡೆದೆ. ಪೈಪಿನ ತೆರೆದ ಬಾಯಿಗಳಿಗೆಲ್ಲ ತಗಡಿನ ಮುಚ್ಚಳ ಹಾಕಿಸಿದೆ.

ಮೇಲೆ ಎಂಟು ಗೇಜಿನ ಜಿಐ ತಂತಿ, ಒಂದೊಂದು ಅಡಿಗೆ ಒಂದು. ಉದ್ದಕ್ಕೆ ಎಂಟು, ಅಡ್ಡಕ್ಕೆ ಎಂಟು. ಇನ್ನೂ ಹತ್ತಿರ ಹತ್ತಿರ ಹಾಕಬಹುದಿತ್ತು, ಬೇಕೆಂದೇ ಹಾಕಲಿಲ್ಲ. ಕಣ್ಣು ಸಣ್ಣದಾದರೆ ಉದುರಿದ ಎಲೆ ಕೆಳಗೆ ಬೀಳದೆ ಮೇಲೇ ಕೂರುತ್ತದೆ. ಆ ಮೂರು ಚೀಲ ಕಸ ನೆನಪಿತ್ತು.

ಎಲ್ಲ ಸೇರಿ 21,400 ರೂಪಾಯಿ ಖರ್ಚಾಯಿತು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಪೈಪಿಗೇ.

ನವೆಂಬರ್ ಹೊತ್ತಿಗೆ ಬುಡದಿಂದ ಎಂಟು ಹತ್ತು ಚಿಗುರು ಬಂದಿದ್ದವು. ದಷ್ಟಪುಷ್ಟವಾದ ಎರಡನ್ನು ಬಿಟ್ಟು ಉಳಿದದ್ದೆಲ್ಲ ಚಿವುಟಿದೆ. ಕರುಳು ಚುರ್ ಅಂದರೂ ಮಾಡಬೇಕು. ಎಲ್ಲವನ್ನೂ ಬಿಟ್ಟರೆ ಮೊಳಕಾಲಿನ ಎತ್ತರದಲ್ಲೇ ಗೋಜಲು ಕಟ್ಟಿಕೊಂಡು ಮೇಲೆ ಹೋಗುವುದಿಲ್ಲ. ಆ ಎರಡಕ್ಕೂ ಚಪ್ಪರ ಮುಟ್ಟುವ ತನಕ ಪಕ್ಕದ ಕವಲು ಬಿಡಲಿಲ್ಲ.

ಆಗ ಒಂದು ತೊಡಕು ಬಂತು. ಬಳ್ಳಿ ಪೈಪ್ ಸುತ್ತಿಕೊಂಡು ಎರಡು ಅಡಿ ಏರುವುದು, ಜಾರಿ ಕೆಳಗೆ ಕೂರುವುದು. ಹಳೆಯ ಅಡಿಕೆ ಕಂಬಕ್ಕೆ ಒರಟು ಮೈ ಇತ್ತು, ಪೈಪು ನುಣುಪು. ತೆಂಗಿನ ನಾರಿನ ಹಗ್ಗವನ್ನು ಬುಡದಿಂದ ತುದಿಯ ತನಕ ಬಿಗಿಯಾಗಿ ಸುತ್ತಿದೆ. ಅದರಿಂದ ಇನ್ನೊಂದು ಲಾಭವೂ ಆಯ್ತು. ಮಾರ್ಚ್ ಬಿಸಿಲಿಗೆ ಪೈಪ್ ಕಾದು ಎಳೆ ಕುಡಿ ಸುಡುತ್ತದೆ, ಹಗ್ಗ ಇದ್ದ ಕಡೆ ಸುಡಲಿಲ್ಲ.

ಒಂದು ಸಂಜೆ ಕುಡಿ ದಾರಿ ತಪ್ಪಿ ಗಾಳಿಯಲ್ಲಿ ಆಡುತ್ತಿತ್ತು. ನಾನೇ ಹಿಡಿದು ಕಂಬಕ್ಕೆ ಮೂರು ಸುತ್ತು ಸುತ್ತಿದೆ. ಬೆಳಿಗ್ಗೆ ನೋಡಿದರೆ ಬಿಚ್ಚಿಕೊಂಡು ಮತ್ತೆ ಗಾಳಿಯಲ್ಲೇ ಇತ್ತು. ಕೆಳಗೆ ತಾನಾಗಿ ಸುತ್ತಿಕೊಂಡ ಭಾಗ ನೋಡಿದಾಗ ಅರ್ಥವಾಯಿತು, ನಾನು ಸುತ್ತಿದ್ದು ಎದುರು ದಿಕ್ಕಿಗೆ. ಸುತ್ತುವ ಬಳ್ಳಿಗೆ ಅದರದ್ದೇ ಒಂದು ದಿಕ್ಕು ಇರುತ್ತದೆ, ನಾವು ಬದಲಾಯಿಸಲು ಆಗುವುದಿಲ್ಲ. ಸರಿ ದಿಕ್ಕಿಗೆ ಒಂದೇ ಸುತ್ತು ಸುತ್ತಿ ಬಾಳೆ ನಾರಿನಲ್ಲಿ ಸಡಿಲವಾಗಿ ಕಟ್ಟಿದೆ. ಎರಡು ದಿನಕ್ಕೆ ಒಂದು ಅಡಿ ಮೇಲೆ ಹೋಗಿತ್ತು.

ಬಳ್ಳಿ ಏರುವ ರೀತಿ ನೋಡಿ ಚಪ್ಪರ ಮಾಡಬೇಕು ಅನ್ನುವುದು ಇದಾದ ಮೇಲೆ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿದೆ. ನಮ್ಮ ಗೇಟಿನ ಕಮಾನಿಗೆ ರಂಗೂನ್ ಬಳ್ಳಿ ಇದೆ. ಸಂಜೆ ಬಿಳಿಯಾಗಿ ಅರಳಿ, ಮಾರನೇ ದಿನ ಗುಲಾಬಿ, ಆಮೇಲೆ ಕೆಂಪು. ಒಂದೇ ಗೊಂಚಲಿನಲ್ಲಿ ಮೂರೂ ಬಣ್ಣ. ಅದು ಒರಗಿಕೊಂಡು ಹತ್ತುವ ಬಳ್ಳಿ. ಎಲೆ ಉದುರಿದ ಮೇಲೆ ತೊಟ್ಟಿನ ಬುಡ ಗಟ್ಟಿಯಾಗಿ ಮುಳ್ಳಾಗಿ ಉಳಿಯುತ್ತದೆ, ಆ ಮುಳ್ಳನ್ನು ಕೊಕ್ಕೆಯ ಹಾಗೆ ಬಳಸುತ್ತದೆ. ಅದಕ್ಕೆ ಅಡ್ಡ ಸರಳು ಬೇಕು, ನೆಟ್ಟಗಿನ ಕಂಬ ಸಾಲದು. ಬೇರಿನಿಂದ ಎಲ್ಲೆಲ್ಲೋ ಮರಿ ಎಬ್ಬಿಸುತ್ತದೆ, ವರ್ಷಕ್ಕೆರಡು ಸಲ ಕಿತ್ತು ಹಾಕುತ್ತಿರಬೇಕು. ಬೆಳ್ಳುಳ್ಳಿ ಬಳ್ಳಿ ತಂತಿಗೆ ತಾನೇ ಕುಡಿ ಬಿಟ್ಟು ಹಿಡಿದುಕೊಳ್ಳುತ್ತದೆ, ಎಲೆ ಉಜ್ಜಿದರೆ ಒಗ್ಗರಣೆ ವಾಸನೆ. ಕಾಗದದ ಹೂವಿಗೆ ಮುಳ್ಳೇ ಆಸರೆ. ಆದರೆ ಅದು ಬಿಸಿಲಿನ, ಒಣ ಮಣ್ಣಿನ ಗಿಡ. ಕಡೂರು, ಅರಸೀಕೆರೆ ಕಡೆ ಬೇಲಿ ತುಂಬ ಉರಿಯುವ ಹಾಗೆ ಬಿಡುತ್ತದೆ, ನಮ್ಮ ಮಳೆಗೆ ಬರೀ ಎಲೆ. ಬಾಲ್ಕನಿ ಇರುವವರಿಗೆ, ಬಾಡಿಗೆ ಮನೆಯವರಿಗೆ ಶಂಖಪುಷ್ಪ ಸಾಕು. ಬೀಜ ಹಾಕಿ ಒಂದು ದಾರ ಕಟ್ಟಿದರೆ ಆಯ್ತು.

ನೀಲಿ ಹೂವಿನ ದೊಡ್ಡ ಥನ್‌ಬರ್ಜಿಯ ಇದೆಯಲ್ಲ, ಥನ್‌ಬರ್ಜಿಯ ಗ್ರಾಂಡಿಫ್ಲೋರ, ಅದನ್ನು ಮಾತ್ರ ತೋಟದ ಪಕ್ಕ ಹಾಕಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. ನೆಲದೊಳಗೆ ಗೆಡ್ಡೆ ಕಟ್ಟುತ್ತದೆ, ಕಿತ್ತರೂ ತುಂಡಿನಿಂದ ಮತ್ತೆ ಬರುತ್ತದೆ. ಆಸ್ಟ್ರೇಲಿಯಾದಲ್ಲಿ ಅದು ಕಾಡು ನುಂಗುವ ಕಳೆ ಅಂತಲೇ ಹೆಸರಾಗಿದೆ. ನಮ್ಮ ಸಿಲ್ವರ್ ಓಕ್ ಮೇಲಿನ ಮೆಣಸಿನ ಬಳ್ಳಿ ಗಿಣ್ಣಿನ ಬೇರಿನಿಂದ ಮರದ ಮೈಗೆ ಅಂಟಿಕೊಂಡು ಹೋಗುತ್ತದೆ, ಮರಕ್ಕೆ ತೊಂದರೆ ಇಲ್ಲ. ಇದು ಹಾಗಲ್ಲ. ಮರದ ತಲೆಯನ್ನೇ ಮುಚ್ಚಿ ಬಿಸಿಲು ತಪ್ಪಿಸುತ್ತದೆ.

ಗೊಬ್ಬರದ ವಿಷಯ ಸಣ್ಣದು. ಕಾಫಿಗೆ ಉಳಿದ ಯೂರಿಯಾವನ್ನು ಒಂದು ಹಿಡಿ ಹಳೆಯ ಬಳ್ಳಿಗೆ ಹಾಕುತ್ತಿದ್ದೆ. ಎಲೆ ಎಲೆ ಎಲೆ, ಹೂ ಕಡಿಮೆ, ತೂಕ ಜಾಸ್ತಿ. ಈಗ ವರ್ಷಕ್ಕೆ ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ, ಅಷ್ಟೇ. ಬುಡಕ್ಕೆ ತರಗು ಮುಚ್ಚುತ್ತೇನೆ.

ಹೋದ ವರ್ಷದ ಮಳೆಗಾಲದಲ್ಲಿ ಬಳ್ಳಿ ಚಪ್ಪರ ಮುಕ್ಕಾಲು ತುಂಬಿತು. ನವೆಂಬರ್ ಕೊನೆಯ ವಾರ ಮೊದಲ ಗೊಂಚಲು ಇಳಿಯಿತು. ಮೊದಲು ಜೋಡಿ ಎಲೆಯ ಹಾಗಿರುವ ಮುಸುಕು, ಕಂದು ನೇರಳೆ ಬಣ್ಣ. ಅದು ಬಿರಿದು ಒಳಗಿನಿಂದ ಹಳದಿ ಮೂತಿ ಇಣುಕುತ್ತದೆ. ಮಾರನೇ ದಿನವೇ ಸೂರಕ್ಕಿ ಬಂತು. ಗೊಂಚಲಿನ ನಡುವಿನ ದಂಟು ಹಿಡಿದು, ತಲೆಯನ್ನು ಪೂರ್ತಿ ಹೂವಿನ ಬಾಯೊಳಗೆ ಹಾಕುತ್ತದೆ. ಹೊರಗೆ ತೆಗೆದಾಗ ನೆತ್ತಿ ಮೇಲೆ ಹಳದಿ ಪುಡಿ. ಅದೇ ನೆತ್ತಿ ಹೊತ್ತು ಮುಂದಿನ ಹೂವಿಗೆ. ಅವ್ವ ಜಗಲಿಯಲ್ಲಿ ಕಾಫಿ ಲೋಟ ಹಿಡಿದು ಕೂತರೆ ಲೋಟ ತಣ್ಣಗಾಗುವ ತನಕ ಅದನ್ನೇ ನೋಡುತ್ತಾರೆ.

ಈ ವರ್ಷ ಹೂವೆಲ್ಲ ಮುಗಿದ ಮೇಲೆ, ಏಪ್ರಿಲ್ ಮೂರನೇ ವಾರ, ಏಣಿ ಹಾಕಿ ಬಳ್ಳಿ ಸವರಿದೆ. ಮೇಲಿನ ಒಣ ಕಡ್ಡಿ, ಒಳಗಿನ ಕಸ, ಅಂಚಿನಿಂದ ಆಚೆ ಹೋದದ್ದು, ಒಂದರ ಮೇಲೊಂದು ಮಲಗಿದ್ದು ಎಲ್ಲ ತೆಗೆದೆ. ತಂತಿಯ ಮೇಲೆ ಒಂದೇ ಪದರ ಉಳಿಯುವ ಹಾಗೆ. ಅದನ್ನೂ ತೂಗಿದೆ, 64 ಕೆಜಿ. ಇಷ್ಟು ಭಾರ ಮಳೆಗೆ ಮೊದಲೇ ಇಳಿಯಿತು.

ಮೊನ್ನೆ ಮತ್ತೆ ಪುನರ್ವಸು ಹಿಡಿಯಿತು. ನಾಲ್ಕನೇ ದಿನ ರಾತ್ರಿ ನಿದ್ದೆ ಬರಲಿಲ್ಲ, ಟಾರ್ಚ್ ಹಿಡಿದು ಹೋದೆ. ಎರಡು ತೊಲೆಗಳ ನಡುವೆ ದಾರ ಬಿಗಿದು ತಂತಿ ಎಷ್ಟು ಜೋತಿದೆ ಅಂತ ಸ್ಕೇಲ್ ಇಟ್ಟು ನೋಡಿದೆ. ನಡುವಿನ ಪೈಪ್ ಹತ್ತಿರ ಏನೂ ಇಲ್ಲ. ಗೇಟಿನ ಕಡೆಯ ಎರಡು ತಂತಿ ಒಂದೂಕಾಲು ಇಂಚು ಇಳಿದಿವೆ, ಉಳಿದವು ಅರ್ಧ ಇಂಚಿನ ಒಳಗೆ. ಕಂಬದ ಬುಡದಲ್ಲಿ ನೀರು ನಿಂತಿಲ್ಲ, ಹೊರಕ್ಕೆ ಹರಿದು ಹೋಗುತ್ತಿದೆ. ಮಳೆ ಒಂದು ದಿನ ಬಿಟ್ಟರೆ ಆ ಎರಡು ತಂತಿ ಬಿಗಿ ಮಾಡಬೇಕು. ಹದಿಮೂರು ಗಿಡದಲ್ಲಿ ಇನ್ನು ನಾಲ್ಕು ಉಳಿದಿವೆ. ಕೇಳಿದವರಿಗೆ ಕೊಡುವ ಮೊದಲು ಚಪ್ಪರ ಹಾಕಿದ್ದೀರಾ ಅಂತ ಕೇಳುತ್ತೇನೆ. ಇಲ್ಲ ಅಂದವರಿಗೆ ಪೈಪಿನ ಅಳತೆ ಬರೆದ ಚೀಟಿ ಕೊಟ್ಟು, ಗಿಡ ತೆಗೆದಿಟ್ಟಿರುತ್ತೇನೆ ಅನ್ನುತ್ತೇನೆ.